ಕನ್ನಡ ಓಡಿಸುವ ಎಲ್‌ಇಡಿ ಫಲಕ: ಮನೆಯಲ್ಲೇ ಮಾಡುವುದು ಹೇಗೆ?

ಬಸ್ಸಿನ ಮುಂದೆ ಊರಿನ ಹೆಸರು ಓಡುತ್ತದಲ್ಲ, ಅಂಥದೇ ಪುಟ್ಟ ಫಲಕವನ್ನು ನೀವೂ ಮಾಡಬಹುದು. ಮುಖ್ಯವಾಗಿ ಬೇಕಾದದ್ದು ಎರಡು. ಒಂದು, ಡಾಟ್ ಮ್ಯಾಟ್ರಿಕ್ಸ್ ಮಾಡ್ಯೂಲ್, ಅಂದರೆ 8 ಸಾಲು, 8 ಕಂಬವಾಗಿ 64 ಎಲ್‌ಇಡಿ ಕೂರಿಸಿದ ಚೌಕ. ಇನ್ನೊಂದು, ಆರ್ಡುಯಿನೊ ಯುನೊ, ಅಂದರೆ ನಾವು ತುಂಬಿದ ಪ್ರೋಗ್ರಾಂನಂತೆ ನಡೆಯುವ ಬೋರ್ಡು.

64 ದೀಪಕ್ಕೆ 64 ವೈರ್ ಎಳೆಯಬೇಕೇ? ಬೇಡ. ಪ್ರತಿ ಚೌಕಕ್ಕೂ ಮ್ಯಾಕ್ಸ್7219 ಎಂಬ ಐಸಿ, ಅಂದರೆ ಚಿಪ್, ಇರುತ್ತದೆ. ಅದು ದೀಪಗಳನ್ನು ಒಟ್ಟಿಗೆ ಹೊತ್ತಿಸುವುದಿಲ್ಲ. ಒಂದು ಸಾಲು ಹೊತ್ತಿಸಿ, ಆರಿಸಿ, ಮುಂದಿನ ಸಾಲಿಗೆ ಹೋಗುತ್ತದೆ. ಸೆಕೆಂಡಿಗೆ ಸುಮಾರು 800 ಸಲ ಈ ಸುತ್ತು ಮುಗಿಯುವುದರಿಂದ ಕಣ್ಣಿಗೆ ಇಡೀ ಅಕ್ಷರ ನಿಂತಂತೆ ಕಾಣುತ್ತದೆ. ಇದೇ ಮಲ್ಟಿಪ್ಲೆಕ್ಸಿಂಗ್, ಸರದಿಯಂತೆ ಬೆಳಗಿಸುವ ವಿಧಾನ. ಹಾಗಾಗಿ ಯುನೊದ 11, 10, 13ನೇ ಪಿನ್‌ಗಳಿಂದ ಕ್ರಮವಾಗಿ ಮಾಡ್ಯೂಲಿನ ಡಿಐಎನ್, ಸಿಎಸ್, ಸಿಎಲ್‌ಕೆ ಪಿನ್‌ಗಳಿಗೆ ಮೂರು ವೈರ್ ಕೊಟ್ಟರೆ ಸಂದೇಶ ಹೋಗುತ್ತದೆ. ಉಳಿದ ಎರಡು ವೈರ್ ಕರೆಂಟಿನವು.

ಇಂಗ್ಲಿಷಿಗೆ 8 ಸಾಲು ಸಾಕು. ಕನ್ನಡಕ್ಕೆ ಸಾಲದು. ‘ಅಕ್ಕಿ’ ಬರೆದು ನೋಡಿ: ಗುಡಿಸು ಮೇಲೆ, ಒತ್ತು ಕೆಳಗೆ. ಎಂಟೇ ಸಾಲಿನಲ್ಲಿ ಒತ್ತು ಬರೀ ಚುಕ್ಕೆಯಾಗಿಬಿಡುತ್ತದೆ. ಆದ್ದರಿಂದ ತಲಾ ನಾಲ್ಕು ಚೌಕ ಸೇರಿದ ಎರಡು ಪಟ್ಟಿ ತಂದು ಒಂದರ ಕೆಳಗೊಂದು ಜೋಡಿಸಿ. 16 ಸಾಲು, 32 ಕಂಬ ಸಿಗುತ್ತದೆ. ಮೇಲಿನ ಪಟ್ಟಿಯ ಡಿಔಟ್ ಪಿನ್‌ನಿಂದ ವೈರ್ ಕೆಳಗಿನದರ ಡಿಐಎನ್‌ಗೆ ಬರಲಿ.

ಎಂಡಿ ಮ್ಯಾಕ್ಸ್72ಎಕ್ಸ್‌ಎಕ್ಸ್ ಎಂಬ ಲೈಬ್ರರಿ, ಅಂದರೆ ಸಿದ್ಧ ಪ್ರೋಗ್ರಾಂ ಕಟ್ಟು, ಉಚಿತವಾಗಿ ಸಿಗುತ್ತದೆ. ಅದರಲ್ಲಿ ಕನ್ನಡ ಫಾಂಟ್ ಇಲ್ಲ. ಚಿಂತೆ ಬೇಡ, ಗ್ರಾಫ್ ಹಾಳೆಯಲ್ಲಿ ಪದವನ್ನು ಚಿತ್ರದಂತೆ ಬಿಡಿಸಿ. ಹಾಳೆಯ ತುಂಬಿದ ಮನೆಗೆ 1, ಖಾಲಿಗೆ 0 ಎಂದು ಪ್ರೋಗ್ರಾಂನಲ್ಲಿ ಬರೆಯಿರಿ. ಬಿಡಿ ಅಕ್ಷರಕ್ಕಿಂತ ಇಡೀ ಪದ ಬಿಡಿಸುವುದೇ ಸುಲಭ, ಒತ್ತಕ್ಷರದ ತಂಟೆ ಇರುವುದಿಲ್ಲ. ಅಕ್ಷರ ತಿರುಗುಮುರುಗಾಗಿ ಬಂದರೆ ವೈರ್ ಕೀಳಬೇಡಿ. ಪ್ರೋಗ್ರಾಂನಲ್ಲಿ ಮಾಡ್ಯೂಲಿನ ಬಗೆಯನ್ನು ‘ಎಫ್‌ಸಿ16’ಕ್ಕೆ ಬದಲಿಸಿ ನೋಡಿ.

ಶಾಕ್ ಹೊಡೆಯುತ್ತದೆಯೇ? ಇದು 5 ವೋಲ್ಟ್, ಹೊಡೆಯುವುದಿಲ್ಲ. ಆದರೆ ಎಂಟು ಚೌಕದ ಪೂರ್ತಿ ಕರೆಂಟನ್ನು ಯುನೊದಿಂದ ಎಳೆಯಬೇಡಿ. 5 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಬೇರೆ ಕೊಡಿ. ಅದರ ಗ್ರೌಂಡನ್ನು, ಅಂದರೆ ನೆಗೆಟಿವ್ ವೈರನ್ನು, ಬೋರ್ಡಿನ ಗ್ರೌಂಡಿಗೆ ಸೇರಿಸಲೇಬೇಕು. ಸೇರಿಸದಿದ್ದರೆ ದೀಪಗಳು ಮನಬಂದಂತೆ ಮಿನುಗುತ್ತವೆ.

ಎಲ್ಲ ಸೇರಿ ಸುಮಾರು ಒಂದೂವರೆ ಸಾವಿರ ರೂಪಾಯಿ ಇಟ್ಟುಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇವು ಸಿಗುತ್ತವೆ, ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಬಹುದು. ಪಿನ್‌ಗೆ ಮೊದಲೇ ಬೆಸುಗೆ ಹಾಕಿದ ಪಟ್ಟಿಯನ್ನೇ ಕೇಳಿ. ಆಗ ಜಂಪರ್ ವೈರ್ ಸಿಕ್ಕಿಸಿದರೆ ಆಯಿತು.