ಸುಲ್ತಾನ್ ಬತ್ತೇರಿಗೆ ಎಷ್ಟು ಕೀಲಿಗಳು? ಮಿಂಚಂಚೆ ಸರ್ವರಿನ ಹುಡುಕು ಕೋಷ್ಟಕ ಮತ್ತು ಎರಡು ಲಿಪಿಗಳು

ಕೊಡಗಿಗೂ ಮೈಸೂರು ಸೀಮೆಗೂ ಹೊಂದಿಕೊಂಡಿರುವ ವಯನಾಡು ಜಿಲ್ಲೆಯಲ್ಲಿ ಒಂದೇ ಊರಿನ ಹೆಸರು ಎರಡು ಲಿಪಿಗಳಲ್ಲಿ ಬಾಳುತ್ತದೆ. ಅಲ್ಲಿನ ಜೈನ ಮನೆತನಗಳಿಗೆ ಕನ್ನಡನಾಡಿನ ನಂಟು ಹಳೆಯದು. ಕಾಟ್ಟುನಾಯ್ಕರ ನುಡಿ ಕನ್ನಡಕ್ಕೆ ಹತ್ತಿರದ್ದು. ಕಚೇರಿಯ ಬರಹವಾದರೋ ಮಲಯಾಳದ್ದು. ಇಂಥ ಕಡೆ ಕೆಲಸ ಮಾಡುವ ಭಾಷಾ ಸಂಸ್ಥೆಯೊಂದು ತನ್ನ ಮಿಂಚಂಚೆ ವಿಳಾಸಗಳನ್ನು ರೋಮನ್ ಲಿಪಿಯಲ್ಲಿ ಮಾತ್ರ ಇಟ್ಟುಕೊಳ್ಳಬೇಕಾದ ನಿರ್ಬಂಧ ಈಗ ಇಲ್ಲ. ವಿಳಾಸದಲ್ಲಿ ಯಾವ ಲಿಪಿಯನ್ನಾದರೂ ಬಳಸಲು ಅವಕಾಶವೀಯುವ ಅಂತರರಾಷ್ಟ್ರೀಯ ನಿಯಮಾವಳಿ 2012ರಲ್ಲಿ ಪ್ರಕಟವಾಯಿತು. ವೀಟ್ಸೆ ವೆನೆಮಾ ಅವರು ರೂಪಿಸಿದ, ವ್ಯಾಪಕ ಬಳಕೆಯಲ್ಲಿರುವ ಪೋಸ್ಟ್‌ಫಿಕ್ಸ್ ಸರ್ವರು 2015ರ ತನ್ನ 3.0ನೆಯ ಆವೃತ್ತಿಯಿಂದ ಅದನ್ನು ಪಾಲಿಸುತ್ತಿದೆ. ಆದರೆ ಅವಕಾಶ ದೊರೆತ ಮಾತ್ರಕ್ಕೆ ಪತ್ರ ತಲಪುವುದಿಲ್ಲ. ತಲಪುವುದೂ ಮರಳುವುದೂ ಒಂದು ಸಣ್ಣ ಕೋಷ್ಟಕದ ಮೇಲೆ ನಿಂತಿದೆ.

ಆ ಕೋಷ್ಟಕದ ಮೂಲ ಒಂದು ಸರಳ ಪಠ್ಯ ಕಡತ. ಸಾಲಿನ ಮೊದಲಿಗೆ ಕೀಲಿ, ಅಂದರೆ ಬರುವ ಪತ್ರದ ವಿಳಾಸ, ನಡುವೆ ತೆರಪು, ಬಳಿಕ ಮೌಲ್ಯ, ಅಂದರೆ ಪತ್ರವನ್ನು ಒಯ್ಯಬೇಕಾದ ಪೆಟ್ಟಿಗೆ. ಸರ್ವರು ಈ ಕಡತವನ್ನು ನೇರವಾಗಿ ಓದುವುದಿಲ್ಲ. ಆಜ್ಞಾಸಾಲಿನಲ್ಲಿ 'ಪೋಸ್ಟ್‌ಮ್ಯಾಪ್' ಎಂಬ ಆಜ್ಞೆಗೆ ಕೋಷ್ಟಕದ ಬಗೆಯನ್ನೂ ಕಡತದ ಹೆಸರನ್ನೂ ಕೊಟ್ಟಾಗ ಅದು ಶೀಘ್ರ ಹುಡುಕಾಟಕ್ಕೆ ಒಗ್ಗುವ ಇನ್ನೊಂದು ಕಡತವನ್ನು ಕಟ್ಟುತ್ತದೆ. ಮೂಲವನ್ನು ತಿದ್ದಿ ಆಜ್ಞೆಯನ್ನು ಮರೆತರೆ ತಿದ್ದುಪಡಿ ವ್ಯರ್ಥ. ಕಟ್ಟುವಾಗ ರೋಮನ್ ಲಿಪಿಯ ದೊಡ್ಡಕ್ಷರಗಳು ಸಣ್ಣವಾಗುತ್ತವೆ. ಕನ್ನಡಕ್ಕೂ ಮಲಯಾಳಕ್ಕೂ ಆ ಭೇದವೇ ಇಲ್ಲದ್ದರಿಂದ ಅವುಗಳಿಗೆ ಈ ಉಪಕಾರದಿಂದ ಯಾವ ಪ್ರಯೋಜನವೂ ಇಲ್ಲ.

ತೊಡಕು ಇರುವುದು ಬೇರೆಡೆ. ಹುಡುಕಾಟವು ಅಕ್ಷರದ ಆಕಾರವನ್ನು ನೋಡದು, ಅದರ ಹಿಂದಿನ ಸಂಕೇತಗಳ ಸಾಲನ್ನು ಹೋಲಿಸುತ್ತದೆ. 'ಸುಲ್ತಾನ್.ಬತ್ತೇರಿ' ಎಂಬುದನ್ನೇ ವಿಳಾಸದ ಮೊದಲ ಭಾಗವೆಂದು ಇಟ್ಟುಕೊಳ್ಳಬಹುದು. ಎತ್ವಕ್ಕೆ ದೀರ್ಘ ಕೊಟ್ಟರೆ ಏತ್ವವೆಂದು ಶಾಲೆಯಲ್ಲಿ ಕಲಿಸುವಂತೆಯೇ, 'ತೇ'ಯ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ಇನ್ನು 'ನ್' ಎಂಬ ಅರೆಯಕ್ಷರದ ಬಳಿಕ, ಒತ್ತಕ್ಷರವಾಗದಂತೆ ತಡೆಯುವ ಶೂನ್ಯ ಅಗಲದ ಚಿಹ್ನೆಯೊಂದು ಬೆರಳಚ್ಚಿನ ಅಭ್ಯಾಸದಿಂದ ಸೇರಿಕೊಂಡಿರಬಹುದು. ಮುಂದೆ ಚುಕ್ಕೆಯೇ ಇರುವುದರಿಂದ ಅದು ಕಣ್ಣಿಗೆ ಕಾಣುವುದಿಲ್ಲ. ಎರಡೆರಡರಂತೆ ನಾಲ್ಕು ರೂಪಗಳಾದವು. ಪರದೆಯ ಮೇಲೆ ನಾಲ್ಕೂ ಒಂದೇ. ಕೋಷ್ಟಕಕ್ಕೆ ನಾಲ್ಕು ಬೇರೆ ಬೇರೆ ವ್ಯಕ್ತಿಗಳು.

ಮಲಯಾಳದ ಬರಹದಲ್ಲಿ ಇದೇ ಹೆಸರಿನೊಳಗೆ ಎರಡು ಚಿಲ್ಲಕ್ಷರಗಳಿವೆ. ಮೊದಲು ಅವನ್ನು ವ್ಯಂಜನ, ಚಂದ್ರಕ್ಕಲ ಮತ್ತು ಕಾಣದ ಜೋಡಣೆಯ ಚಿಹ್ನೆ, ಹೀಗೆ ಮೂರು ಸಂಕೇತಗಳಲ್ಲಿ ಬರೆಯಲಾಗುತ್ತಿತ್ತು. 2008ರ ಯೂನಿಕೋಡ್ 5.1 ಪ್ರತಿ ಚಿಲ್ಲಿಗೂ ಸ್ವತಂತ್ರ ಸಂಕೇತವನ್ನಿತ್ತಿತು. ಹಳೆಯ ಪಠ್ಯಗಳು ಉಳಿದೇ ಇವೆ. ಅಲ್ಲಿಯೂ ರೂಪಗಳು ನಾಲ್ಕೇ!

ರೂಪಗಳನ್ನು ಏಕರೂಪಕ್ಕೆ ತರುವ ಯೂನಿಕೋಡಿನ ಪ್ರಮಾಣೀಕರಣ ವಿಧಾನವು ಕನ್ನಡದ ಏತ್ವವನ್ನು ಒಂದೇ ಸಂಕೇತಕ್ಕೆ ಇಳಿಸುತ್ತದೆ. ಆದರೆ ಶೂನ್ಯ ಅಗಲದ ಚಿಹ್ನೆಯನ್ನು ಅದು ತೆಗೆಯದು. ಹಳೆಯ ಮತ್ತು ಹೊಸ ಚಿಲ್ಲುಗಳನ್ನು ಸಮವೆಂದು ಒಪ್ಪದು. ಅದಕ್ಕಿಂತ ಮುಖ್ಯವಾದದ್ದು, ಆ ವಿಧಾನವನ್ನು ಕೋಷ್ಟಕಕ್ಕೆ ಅನ್ವಯಿಸಬಹುದೇ ಹೊರತು ದೂರದಲ್ಲಿ ಕುಳಿತು ಪತ್ರ ಬರೆಯುವವರ ಕೀಲಿಮಣೆಗೆ ಅನ್ವಯಿಸಲಾಗದು. ಆದ್ದರಿಂದ ಕೋಷ್ಟಕವನ್ನು ಶುದ್ಧಗೊಳಿಸುವುದಕ್ಕಿಂತ ವಿಸ್ತರಿಸುವುದೇ ಯುಕ್ತ: ಸಂಭವನೀಯ ರೂಪಗಳನ್ನೆಲ್ಲ ಪುಟ್ಟ ಕ್ರಮವಿಧಿಯೊಂದರಿಂದ ಹುಟ್ಟಿಸಿ, ಎಲ್ಲಕ್ಕೂ ಒಂದೇ ಪೆಟ್ಟಿಗೆಯನ್ನು ಮೌಲ್ಯವಾಗಿ ಕೊಟ್ಟು, ಅನಂತರ ಪೋಸ್ಟ್‌ಮ್ಯಾಪನ್ನು ನಡೆಸಬೇಕು. ಇದರಿಂದ ಇನ್ನೊಂದು ರಕ್ಷಣೆಯೂ ಒದಗುತ್ತದೆ. ಒಬ್ಬರ ಹೆಸರಿನಂತೆಯೇ ಕಾಣುವ ವಿಳಾಸವನ್ನು ಅದೇ ಸಂಸ್ಥೆಯಲ್ಲಿ ಮತ್ತೊಬ್ಬರು ಪಡೆಯುವಂತಿಲ್ಲ. ಕೀಲಿ ಮರುಕಳಿಸಿದರೆ ಪೋಸ್ಟ್‌ಮ್ಯಾಪ್ ಎಚ್ಚರಿಕೆ ನೀಡಿ ಎರಡನೆಯದನ್ನು ಬಿಟ್ಟುಬಿಡುತ್ತದೆ. ಆ ಎಚ್ಚರಿಕೆಯನ್ನು ಓದದೆ ದಾಟುವುದು ಸಲ್ಲದು. ಡೊಮೇನಿನ ಹೆಸರೂ ಭಾರತೀಯ ಲಿಪಿಯಲ್ಲಿದ್ದರೆ ಅದರ ಸ್ವಲಿಪಿ ರೂಪ ಮತ್ತು ರೋಮನ್ ಸಂಕೇತರೂಪ, ಎರಡನ್ನೂ ನಮೂದಿಸುವುದು ಅಗತ್ಯ.

ಪರೀಕ್ಷೆಯ ವಿಷಯದಲ್ಲಿ ಒಂದು ಮೋಸವಿದೆ. ಪೋಸ್ಟ್‌ಮ್ಯಾಪಿಗೆ 'ಕ್ಯೂ' ಎಂಬ ಆಯ್ಕೆಯೊಡನೆ ಕೀಲಿಯನ್ನು ಕೊಟ್ಟರೆ ಅದು ಮೌಲ್ಯವನ್ನು ಮರಳಿಸುತ್ತದೆ. ಇಲ್ಲದ ಕೀಲಿಗೆ ಮೌನ. ನಿರ್ವಾಹಕರು ತಮ್ಮ ಕೀಲಿಮಣೆಯಿಂದಲೇ ಕಡತ ಬರೆದು, ಅದರಿಂದಲೇ ಪ್ರಶ್ನಿಸಿದರೆ ಉತ್ತರ ಸದಾ ಸರಿಯೇ ಬರುವುದು. ಪರೀಕ್ಷೆಗೊಳಗಾದದ್ದು ಅವರ ಬೆರಳಚ್ಚು ಮಾತ್ರ. ಸರ್ವರಿನ ದಾಖಲೆಯಲ್ಲಿ ತಿರಸ್ಕೃತವಾದ ವಿಳಾಸಗಳನ್ನು ಯಥಾವತ್ ಹೆಕ್ಕಿ ಒಂದು ಕಡತದಲ್ಲಿಟ್ಟು, ಕೀಲಿಯ ಸ್ಥಾನದಲ್ಲಿ ಬರಿಯ ಅಡ್ಡಗೆರೆಯನ್ನು ಕೊಟ್ಟರೆ ಆಜ್ಞೆಯು ಆ ಪಟ್ಟಿಯನ್ನೇ ಸಾಲುಸಾಲಾಗಿ ಓದಿಕೊಳ್ಳುತ್ತದೆ. ಉತ್ತರ ದೊರೆಯದ ಸಾಲುಗಳೇ ಕೋಷ್ಟಕಕ್ಕೆ ಇನ್ನೂ ಸೇರಬೇಕಾದ ರೂಪಗಳು. ಈ ಪ್ರಶ್ನೆಯು ಪೂರ್ಣ ಕೀಲಿಯನ್ನಷ್ಟೇ ನೋಡುತ್ತದೆ. ಸರ್ವರಾದರೋ ಪೂರ್ಣ ವಿಳಾಸ ಸಿಗದಿದ್ದಾಗ ಡೊಮೇನಿಗೆಂದು ಬರೆದ ಸಾಮಾನ್ಯ ಸಾಲನ್ನೂ ಹುಡುಕುತ್ತದೆ. ಅಂಥ ಸಾಲಿದ್ದರೆ ಪತ್ರ ತಿರಸ್ಕೃತವಾಗದೆ ಸಾಮಾನ್ಯ ಪೆಟ್ಟಿಗೆಯ ತಳ ಸೇರುತ್ತದೆ, ತಪ್ಪಿದ ಕೀಲಿಯ ಸುಳಿವು ದಾಖಲೆಯಲ್ಲಿ ಸಿಗುವುದಿಲ್ಲ.

ರೋಮನ್ ಲಿಪಿಯ ಪರ್ಯಾಯ ವಿಳಾಸವನ್ನು ಈಗಲೇ ಕೈಬಿಡುವಂತಿಲ್ಲ. ಹೊಸ ನಿಯಮಾವಳಿಯನ್ನು ಪಾಲಿಸದ ಸರ್ವರುಗಳಿಗೆ ಕನ್ನಡ ವಿಳಾಸದ ಪತ್ರವನ್ನು ದಾಟಿಸಲಾಗದು. ಅದೇ ಪೆಟ್ಟಿಗೆಗೆ ಒಂಬತ್ತನೆಯ ಕೀಲಿಯಾಗಿ ಅದೂ ಇರಲಿ.