ಎಲ್ಲಿಯವರೆಗೆ ಬಂದು ನಿಂತಿತು?

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗಾಗಲಿ, ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿನ ರಿಪೇರಿ ಅಂಗಡಿಗಾಗಲಿ ದಿನವೂ ಬರುವ ದೂರು ಒಂದೇ: ‘ಸಿಸ್ಟಮ್ ಆನ್ ಆಗ್ತಿಲ್ಲ’. ಕೇಳಲು ಒಂದೇ ಆದರೂ ಇದರೊಳಗೆ ನಾಲ್ಕೈದು ಬೇರೆ ಬೇರೆ ಕಾಯಿಲೆಗಳಿವೆ. ಸ್ವಿಚ್ ಒತ್ತಿದರೂ ಒಂದು ದೀಪವೂ ಹೊತ್ತದಿರುವುದು ಒಂದು. ಫ್ಯಾನ್ ಅರೆ ಸುತ್ತು ತಿರುಗಿ ನಿಲ್ಲುವುದು ಇನ್ನೊಂದು. ಫ್ಯಾನ್ ಓಡುತ್ತಲೇ ಇದ್ದು ಡಿಸ್‌ಪ್ಲೇ ಬಾರದಿರುವುದು ಮತ್ತೊಂದು. ಕಂಪನಿಯ ಲೋಗೊ ಕಾಣಿಸಿ ಅಲ್ಲೇ ಕೂತುಬಿಡುವುದು, ವಿಂಡೋಸ್‌ನ ಚುಕ್ಕಿಗಳು ಸುತ್ತುತ್ತಲೇ ಇರುವುದು ಇವೆಲ್ಲವಕ್ಕಿಂತ ಬೇರೆ. ಗಿರಾಕಿಗೆ ಇವೆಲ್ಲ ಒಂದೇ. ಅವನಿಗೆ ಬೇಕಾದದ್ದು ಕೆಲಸ ನಡೆಯುವುದು. ಮೆಕ್ಯಾನಿಕ್‌ಗೆ ಮಾತ್ರ ಇವು ಒಂದಾಗಕೂಡದು. ಕ್ಯಾಬಿನೆಟ್‌ನ ಸ್ಕ್ರೂ ಬಿಚ್ಚುವ ಮೊದಲು ‘ಎಲ್ಲಿಯವರೆಗೆ ಬಂದು ನಿಂತಿತು?’ ಎಂದು ಕೇಳುವವನು ಅರ್ಧ ಕೆಲಸ ಮುಗಿಸಿರುತ್ತಾನೆ. ಈ ಕಸುಬಿನ ಬಂಡವಾಳ ಸ್ಕ್ರೂಡ್ರೈವರ್ ಅಲ್ಲ, ಬಿಡಿಭಾಗಗಳ ದಾಸ್ತಾನೂ ಅಲ್ಲ. ಯಂತ್ರ ಏಳುವ ಕ್ರಮದ ತಿಳಿವಳಿಕೆ.

ಆ ಕ್ರಮ ಊಹೆಯದಲ್ಲ, ನಿಗದಿಯಾದದ್ದು. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ವಿನ್ಯಾಸವೇ ಇಂದಿಗೂ ಬಹುತೇಕ ಅಸೆಂಬಲ್ಡ್ ಡೆಸ್ಕ್‌ಟಾಪ್‌ಗಳ ಬೆನ್ನೆಲುಬು. ಇದರ ಪ್ರಕಾರ ಪ್ಲಗ್ ಹಾಕಿ ಹಿಂಬದಿಯ ಸ್ವಿಚ್ ಆನ್ ಮಾಡಿದೊಡನೆ, ಮುಂಬದಿಯ ಗುಂಡಿಯನ್ನು ಯಾರೂ ಒತ್ತುವ ಮೊದಲೇ, ಎಸ್‌ಎಂಪಿಎಸ್ (ಬಿಡಿಭಾಗಗಳಿಗೆಲ್ಲ ಕರೆಂಟ್ ಹಂಚುವ ಡಬ್ಬಿ) ತನ್ನ ನೇರಳೆ ತಂತಿಯಲ್ಲಿ 5 ವೋಲ್ಟ್ ಕೊಡುತ್ತಿರುತ್ತದೆ. ಮುಂಬದಿಯ ಗುಂಡಿ ಮನೆಯ ದೀಪದ ಸ್ವಿಚ್‌ನಂತೆ ಕರೆಂಟನ್ನು ನೇರವಾಗಿ ಹರಿಸುವುದಿಲ್ಲ. ಮದರ್‌ಬೋರ್ಡ್‌ಗೆ ಬರೀ ಸೂಚನೆ ಕೊಡುತ್ತದೆ. ಬೋರ್ಡ್ ಹಸಿರು ತಂತಿಯನ್ನು ಗ್ರೌಂಡ್‌ಗೆ ಎಳೆಯುತ್ತದೆ, ಆಗ 12, 5, 3.3 ವೋಲ್ಟ್‌ಗಳ ಪೂರೈಕೆ ಶುರುವಾಗುತ್ತದೆ. ವೋಲ್ಟೇಜ್ ನೆಲೆಗೆ ನಿಂತ ಮೇಲೆ, ಸೆಕೆಂಡಿನ ಹತ್ತರಲ್ಲೊಂದರಿಂದ ಅರ್ಧ ಸೆಕೆಂಡಿನೊಳಗೆ, ಬೂದು ಬಣ್ಣದ ತಂತಿಯಲ್ಲಿ ‘ಎಲ್ಲ ಸರಿ’ ಎಂಬ ಸಂಕೇತ ಹೋಗುತ್ತದೆ. ಅಲ್ಲಿಯವರೆಗೆ ಬೋರ್ಡ್ ಪ್ರೊಸೆಸರನ್ನು ರೀಸೆಟ್‌ನಲ್ಲೇ ಹಿಡಿದಿಟ್ಟಿರುತ್ತದೆ. ಆಮೇಲೆ ಪ್ರೊಸೆಸರ್ ಬಯಾಸ್ ಚಿಪ್‌ನಿಂದ ಮೊದಲ ಆದೇಶ ಓದಿ, ರ‍್ಯಾಮ್ ಪರೀಕ್ಷಿಸಿ, ಡಿಸ್‌ಪ್ಲೇ ಎಬ್ಬಿಸಿ, ಕೊನೆಗೆ ವಿಂಡೋಸ್ ಎಲ್ಲಿದೆ ಎಂದು ಡಿಸ್ಕ್‌ಗಳನ್ನು ಹುಡುಕುತ್ತದೆ. ಕಾಲುವೆಯ ನೀರು ಕೊನೆಯ ಗದ್ದೆಗೆ ಬಾರದಿದ್ದಾಗ ರೈತ ಬದುವಿನುದ್ದಕ್ಕೂ ನಡೆದು ಎಲ್ಲಿಯವರೆಗೆ ನೆಲ ಹಸಿಯಾಗಿದೆ ಎಂದು ನೋಡುತ್ತಾನಲ್ಲ, ಇಲ್ಲಿಯ ತರ್ಕವೂ ಅದೇ. ಪರದೆಯ ಮೇಲೆ ಲೋಗೊ ಬಂತೆಂದರೆ ಎಸ್‌ಎಂಪಿಎಸ್, ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ನಾಲ್ಕೂ ಅಷ್ಟರ ಮಟ್ಟಿಗಾದರೂ ಬದುಕಿವೆ. ಆ ಲೋಗೊ ಕಂಡ ಮೇಲೂ ಯಾವ ಪರೀಕ್ಷೆಯನ್ನೂ ಮಾಡದೆ ‘ಬೋರ್ಡ್ ಹೋಗಿದೆ ಸಾರ್’ ಎನ್ನುವವನಿಗೆ ಒಂದೋ ಕಸುಬು ಗೊತ್ತಿಲ್ಲ, ಇಲ್ಲವೇ ಅವನ ಹತ್ತಿರ ಮಾರಬೇಕಾದ ಬೋರ್ಡ್ ಇದೆ.

ಪೂರ್ತಿ ಸತ್ತಂತಿರುವ ಸಿಸ್ಟಮನ್ನೇ ತೆಗೆದುಕೊಳ್ಳೋಣ. ಗೋಡೆಯ ಪಾಯಿಂಟ್, ಸ್ಪೈಕ್ ಬಸ್ಟರ್, ಯುಪಿಎಸ್, ಎಸ್‌ಎಂಪಿಎಸ್‌ನ ಹಿಂದಿನ ಪುಟ್ಟ ಸ್ವಿಚ್: ಇವನ್ನು ನೋಡುವುದು ಅವಮಾನವೆಂದು ಕೆಲವರು ಬಿಟ್ಟುಬಿಡುತ್ತಾರೆ. ಅದೇ ಮೊದಲ ತಪ್ಪು. ಇವು ಸರಿಯಿದ್ದರೆ ಮುಂಬದಿಯ ಗುಂಡಿಯಿಂದ ಬೋರ್ಡ್‌ಗೆ ಬರುವ ಎರಡು ಪಿನ್‌ನ ತಂತಿಯನ್ನು ಕಿತ್ತು, ಆ ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕ್ಷಣಕಾಲ ಮುಟ್ಟಿಸಬೇಕು. ಸಿಸ್ಟಮ್ ಎದ್ದಿತೋ, ಕೆಟ್ಟಿರುವುದು ಅಗ್ಗದ ಒಂದು ಗುಂಡಿ ಅಷ್ಟೇ. ಏಳಲಿಲ್ಲವೆಂದರೆ ಎಸ್‌ಎಂಪಿಎಸ್‌ನ 24 ಪಿನ್‌ನ ಕನೆಕ್ಟರನ್ನು ಬೋರ್ಡ್‌ನಿಂದ ಬಿಡಿಸಿ, ಹಸಿರು ತಂತಿಯನ್ನು ಯಾವುದಾದರೊಂದು ಕಪ್ಪು ತಂತಿಗೆ ಮುಟ್ಟಿಸುವ ಹಳೆಯ ಉಪಾಯವಿದೆ. ಫ್ಯಾನ್ ತಿರುಗಿದೊಡನೆ ‘ಎಸ್‌ಎಂಪಿಎಸ್ ಓಕೆ’ ಎಂದು ತೀರ್ಪು ಕೊಡುವವರು ಬಹಳ ಮಂದಿ. ಇದು ಅವಸರ. ಫ್ಯಾನ್ ತಿರುಗಿಸಲು ಬೇಕಾದ ಶಕ್ತಿ ತೀರಾ ಸ್ವಲ್ಪ. ಪ್ರೊಸೆಸರ್ ಹಸಿದು ಎಳೆದಾಗ ಕುಸಿಯುವ ಎಸ್‌ಎಂಪಿಎಸ್ ಕೂಡ ಫ್ಯಾನನ್ನು ಚೆನ್ನಾಗಿಯೇ ತಿರುಗಿಸುತ್ತದೆ. ಮೇಲಾಗಿ ಈಚಿನ ಕೆಲವು ಎಸ್‌ಎಂಪಿಎಸ್‌ಗಳಲ್ಲಿ ಲೋಡ್ ಇಲ್ಲದಾಗ ಫ್ಯಾನ್ ಸುಮ್ಮನಿರುವುದೇ ಸರಿಯಾದ ನಡವಳಿಕೆ. ಲೋಡ್ ಕೊಟ್ಟು ಮಲ್ಟಿಮೀಟರ್ ಹಿಡಿದಾಗ 12 ವೋಲ್ಟ್‌ನ ತಂತಿ 11.4ರಿಂದ 12.6ರ ನಡುವೆ ನಿಲ್ಲುತ್ತದೆಯೇ ಎಂಬುದು ಸಾಕ್ಷ್ಯ. ಉಳಿದದ್ದು ಅಂದಾಜು.

ಫ್ಯಾನ್ ಇದೆ, ಡಿಸ್‌ಪ್ಲೇ ಇಲ್ಲ ಎಂಬ ಸ್ಥಿತಿಯಲ್ಲಿ ನಮ್ಮ ಮೆಕ್ಯಾನಿಕ್‌ಗಳ ಕೈ ಮೊದಲು ಹೋಗುವುದು ರ‍್ಯಾಮ್‌ಗೆ. ಅದನ್ನು ಹೊರತೆಗೆದು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ, ಪುಡಿ ಊದಿ, ಎರಡೂ ಬದಿಯ ಕ್ಲಿಪ್ ‘ಟಕ್’ ಎನ್ನುವಂತೆ ಕೂರಿಸುತ್ತಾರೆ. ಎಷ್ಟೋ ಸಲ ಸಿಸ್ಟಮ್ ಎದ್ದೂ ಬಿಡುತ್ತದೆ. ಇದು ಮಂತ್ರವಲ್ಲ. ದೂಳು, ಮಳೆಗಾಲದ ತೇವ, ಕರಾವಳಿಯಲ್ಲಾದರೆ ಉಪ್ಪುಗಾಳಿ ಸೇರಿ ಸಂಪರ್ಕದ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಕಿತ್ತು ಕೂರಿಸುವ ಉಜ್ಜಾಟವೇ ಅದನ್ನು ಕೆರೆದು ತೆಗೆಯುತ್ತದೆ. ಆದರೆ ಒರಟು ರಬ್ಬರ್ ತೆಳು ಲೇಪನವನ್ನೂ ಸವೆಸುವುದರಿಂದ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆ ಮೇಲು. ರ‍್ಯಾಮ್‌ನಿಂದ ಕೆಲಸವಾಗದಿದ್ದರೆ ಯಂತ್ರವನ್ನೇ ಕೇಳಬೇಕು. ಹಳೆಯ ಬೋರ್ಡ್‌ಗಳು ಬೀಪ್ ಸದ್ದಿನಲ್ಲಿ ಹೇಳುತ್ತಿದ್ದವು. ಅವಾರ್ಡ್ ಬಯಾಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ದೋಷ ಡಿಸ್‌ಪ್ಲೇ ಕಡೆಯದು. ಈಗಿನ ಹಲವು ಬೋರ್ಡ್‌ಗಳಲ್ಲಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂದು ನಾಲ್ಕು ಪುಟ್ಟ ದೀಪಗಳಿದ್ದು, ಯಾವುದು ಹೊತ್ತಿ ನಿಂತಿತೋ ಅಲ್ಲಿಯೇ ತೊಡಕು. ಇನ್ನು ಕೇಬಲ್ಲಿನ ವಿಷಯವೂ ಇದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದಾಗ ಮಾನಿಟರ್ ಕೇಬಲನ್ನು ಬೋರ್ಡ್‌ಗೇ ಚುಚ್ಚಿಟ್ಟು ‘ಸಿಸ್ಟಮ್ ಡೆಡ್’ ಎಂದು ಹೊತ್ತು ತರುವವರುಂಟು. ಹೆಸರಿನ ಕೊನೆಗೆ ‘ಎಫ್’ ಅಕ್ಷರವಿರುವ ಇಂಟೆಲ್ ಪ್ರೊಸೆಸರ್‌ಗಳಲ್ಲಂತೂ ಒಳಗೆ ಗ್ರಾಫಿಕ್ಸೇ ಇರುವುದಿಲ್ಲ. ಬೋರ್ಡ್‌ಗೆ ಚುಚ್ಚಿದ ಕೇಬಲಿನಿಂದ ಏನೂ ಬರುವುದಿಲ್ಲ.

ಇಷ್ಟೆಲ್ಲ ಶಾಸ್ತ್ರ ಏಕೆ, ಒಳ್ಳೆಯ ರ‍್ಯಾಮ್ ಒಂದು, ಎಸ್‌ಎಂಪಿಎಸ್ ಒಂದು ಇಟ್ಟುಕೊಂಡು ಬದಲಿಸಿ ನೋಡಿದರೆ ಹತ್ತು ನಿಮಿಷದ ಕೆಲಸವಲ್ಲವೇ ಎಂದು ಅಂಗಡಿಯವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಬದಲಿಸಿ ನೋಡುವುದೂ ಒಂದು ಪರೀಕ್ಷೆ, ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿದಾಗ ಮಾತ್ರ. ರ‍್ಯಾಮ್, ಎಸ್‌ಎಂಪಿಎಸ್ ಎರಡನ್ನೂ ಒಟ್ಟಿಗೆ ಬದಲಿಸಿ ಸಿಸ್ಟಮ್ ಎದ್ದರೆ ಗಿರಾಕಿ ಎರಡಕ್ಕೂ ದುಡ್ಡು ಕೊಡುತ್ತಾನೆ, ಮೆಕ್ಯಾನಿಕ್ ಏನನ್ನೂ ಕಲಿಯುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ವೋಲ್ಟೇಜ್ ಹದ ತಪ್ಪಿದ ಎಸ್‌ಎಂಪಿಎಸ್ ಅಳೆಯದೆ ಉಳಿದುಬಿಟ್ಟರೆ ಹೊಸ ಬೋರ್ಡನ್ನೂ ಸುಡುತ್ತದೆ. 2000ದ ದಶಕದ ಮೊದಲ ಭಾಗದಲ್ಲಿ ಜಗತ್ತಿನಾದ್ಯಂತ ಅಸಂಖ್ಯ ಬೋರ್ಡ್‌ಗಳು ಅಕಾಲದಲ್ಲಿ ಸತ್ತದ್ದು ಒಳಗಿನ ರಸಾಯನ ಸರಿಯಿಲ್ಲದ ಕೆಪಾಸಿಟರ್‌ಗಳಿಂದ. ಪ್ರೊಸೆಸರ್ ಪಕ್ಕದ ಪುಟ್ಟ ಸಿಲಿಂಡರ್‌ಗಳ ನೆತ್ತಿ ಉಬ್ಬಿ, ಕಂದು ದ್ರವ ಒಸರಿ ಒಣಗಿರುತ್ತಿತ್ತು. ಕಣ್ಣಿಟ್ಟು ನೋಡಿದವರು ಕೆಲವೇ ರೂಪಾಯಿಯ ಆ ಬಿಡಿಭಾಗವನ್ನು ಸಾಲ್ಡರ್ ಮಾಡಿ ಬದಲಿಸಿ ಬೋರ್ಡ್ ಉಳಿಸಿದರು. ಬರೀ ಬದಲಿಸಿ ನೋಡುವವರು ಬೋರ್ಡನ್ನೇ ಗುಜರಿಗೆ ಹಾಕಿದರು. ಹಾಗೆಂದು ಎಲ್ಲವನ್ನೂ ರಿಪೇರಿ ಮಾಡಬೇಕೆಂಬ ಹಟವೂ ಬೇಡ. ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ ಸುಮಾರು 300 ವೋಲ್ಟ್ ಉಳಿದಿರಬಹುದು. ಹವ್ಯಾಸಿಗಳು ಅದರ ಡಬ್ಬಿ ಬಿಚ್ಚದೆ ಹೊಸದು ಹಾಕುವುದೇ ವಿವೇಕ. ಸಿಡಿಲು ಬಡಿದು ಬಂದ ಯಂತ್ರದಲ್ಲೂ ಹಾಗೆಯೇ: ಒಂದು ಭಾಗ ಸರಿಮಾಡಿದರೆ ತಿಂಗಳೊಪ್ಪತ್ತಿನಲ್ಲಿ ಇನ್ನೊಂದು ಕೈಕೊಡುವುದುಂಟು.

ಡೆಸ್ಕ್‌ಟಾಪ್ ಕಾಲವೇ ಮುಗಿಯಿತು, ಈ ವಿದ್ಯೆ ಇನ್ನು ಯಾರಿಗೆ ಬೇಕು ಎಂಬ ಮಾತಿಗೆ ಬಲವಿದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವಿಲ್ಲದ ಹಳೆಯ ಯಂತ್ರಗಳು, ಚೆನ್ನಾಗಿ ಏಳುತ್ತಿದ್ದರೂ, ಅರ್ಹತೆ ಕಳೆದುಕೊಂಡಿವೆ. ಆದರೂ ಕಣ್ಣು ಹಾಯಿಸಿದರೆ ನಾಡಕಚೇರಿಯ ಕೌಂಟರ್, ಸಹಕಾರ ಸಂಘದ ಲೆಕ್ಕದ ಮೇಜು, ಫೋಟೊ ಸ್ಟುಡಿಯೊ, ಪ್ರಿಂಟಿಂಗ್ ಪ್ರೆಸ್‌ನ ಡಿಟಿಪಿ ಕೋಣೆಗಳಲ್ಲಿ ಇನ್ನೂ ಡೆಸ್ಕ್‌ಟಾಪ್‌ಗಳೇ ಕೂತಿವೆ. ಕನ್ನಡ ಡಿಟಿಪಿಯದಂತೂ ವಿಶೇಷ ಪ್ರಕರಣ. ಅಡೋಬಿ ಕೈಬಿಟ್ಟು ಎಷ್ಟೋ ವರ್ಷಗಳಾದ ಪೇಜ್‌ಮೇಕರ್‌ನಲ್ಲಿ, ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಮಾಡಿಟ್ಟ ಪುಸ್ತಕದ ಕಡತಗಳು ಆ ಹಳೆಯ ಯಂತ್ರದಲ್ಲೇ ನೆಟ್ಟಗೆ ತೆರೆದುಕೊಳ್ಳುವುದು. ಹೊಸದು ಕೊಂಡುಕೊಳ್ಳಿ ಎಂಬ ಸಲಹೆ ಅಲ್ಲಿ ಪರಿಹಾರವಾಗುವುದಿಲ್ಲ. ಇನ್ನು ಎಲ್ಲವೂ ಯೂಟ್ಯೂಬ್‌ನಲ್ಲಿದೆ ಎಂಬ ವಾದ. ಇದೆ, ನಿಜ, ಒಂದು ಲಕ್ಷಣಕ್ಕೆ ಇಪ್ಪತ್ತು ಕಾರಣ, ಇಪ್ಪತ್ತು ಮದ್ದು ಅಲ್ಲಿ ಸಿಗುತ್ತವೆ. ಆ ಇಪ್ಪತ್ತರಲ್ಲಿ ಮೊದಲು ಯಾವುದನ್ನು ನೋಡಬೇಕು, ಯಾವುದನ್ನು ನೋಡುವುದೇ ಬೇಡ ಎಂದು ಆರಿಸುವುದಕ್ಕೆ ಎದುರಿಗಿರುವ ಯಂತ್ರ ಎಲ್ಲಿ ನಿಂತಿದೆ ಎಂಬುದು ತಿಳಿದಿರಬೇಕು.

ಈ ಕಸುಬಿಗೆ ಐಟಿಐಗಳಲ್ಲಿ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆಯ ತರಬೇತಿಯಿದೆ. ಆದರೂ ಬಹಳಷ್ಟು ಮಂದಿ ಕಲಿಯುವುದು ಅಂಗಡಿಯಲ್ಲಿ, ಹಿರಿಯ ಮೆಕ್ಯಾನಿಕ್‌ನ ಮಗ್ಗುಲಲ್ಲಿ ಕೂತು. ಅಲ್ಲಿ ಕೈಚಳಕ ಬೇಗ ಬರುತ್ತದೆ. ಕಾರಣ ಕೇಳುವ ಅಭ್ಯಾಸ ಬರುವುದು ಗುರು ಎಂಥವನು ಎಂಬುದರ ಮೇಲೆ. ಅದರ ಕೊರತೆ ಎದ್ದು ಕಾಣುವುದು ಲೋಗೊ ದಾಟಿದ ಮೇಲಿನ ದೋಷಗಳಲ್ಲಿ. ಅಲ್ಲಿ ಎಲ್ಲಕ್ಕೂ ಒಂದೇ ಮದ್ದು, ‘ಫಾರ್ಮ್ಯಾಟ್ ಮಾಡಿಬಿಡೋಣ’. ಬಯಾಸ್‌ನಲ್ಲಿ ಡಿಸ್ಕ್‌ನ ಹೆಸರು ಕಾಣುತ್ತಿದೆಯೇ, ಡೇಟಾ ಕೇಬಲ್ ಸಡಿಲವಾಗಿದೆಯೇ, 3 ವೋಲ್ಟ್‌ನ ನಾಣ್ಯದಾಕಾರದ ಬ್ಯಾಟರಿ ಮುಗಿದು ಬೂಟ್ ಸೆಟ್ಟಿಂಗ್ ಕಳೆದುಹೋಗಿದೆಯೇ ಎಂದು ನೋಡಲು ಐದು ನಿಮಿಷ ಸಾಕು. ಅದನ್ನೆಲ್ಲ ನೋಡಿಯೂ ವಿಂಡೋಸ್ ಕೆಟ್ಟಿರುವುದೇ ಖಚಿತವಾದರೆ ಡಿಸ್ಕನ್ನು ಬಿಚ್ಚಿ ಬೇರೆ ಸಿಸ್ಟಮ್‌ಗೆ ಜೋಡಿಸಿ ಕಡತಗಳನ್ನು ನಕಲು ಮಾಡಿಕೊಂಡು, ಅವು ತೆರೆಯುತ್ತವೆಯೇ ಎಂದು ಗಿರಾಕಿಗೆ ತೋರಿಸಿ, ಆಮೇಲೆ ಫಾರ್ಮ್ಯಾಟ್‌ಗೆ ಕೈಹಾಕಬೇಕು. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಅದನ್ನೂ ಮಾಡದೆ, ಕರೆಂಟ್ ತೆಗೆದು, ಡೇಟಾ ರಿಕವರಿ ಮಾಡುವವರ ಹತ್ತಿರ ಕಳಿಸಬೇಕು.