ಕುದಿಸಬಾರದ ಹಾಲು: ಮನೆಯ ಹಿರಿಯರಲ್ಲಿ ಒಂದು ಅರಿಕೆ

ಹಾಲನ್ನು ಕಾಸಿಯೇ ಕುಡಿಯಬೇಕೆಂಬುದು ನಮ್ಮ ಮನೆತನಗಳಲ್ಲಿ ತಲೆತಲಾಂತರದಿಂದ ನಡೆದು ಬಂದ ತಿಳಿವಳಿಕೆ. ಆಕಳು, ಎಮ್ಮೆಗಳ ಹಾಲಿನ ವಿಷಯದಲ್ಲಿ ಅದು ಸರಿಯಾದುದೇ ಆಗಿದೆ. ಆದರೆ ಅದೇ ತಿಳಿವಳಿಕೆಯು ಒಂದು ಎಡೆಯಲ್ಲಿ ಎಳೆಯ ಜೀವಕ್ಕೆ ಸಲ್ಲಬೇಕಾದ ರಕ್ಷೆಯನ್ನೇ ಕಳೆಯಬಲ್ಲದೆಂಬುದನ್ನು ಕಳೆದೊಂದು ಬೇಸಿಗೆಯಲ್ಲಿ ಕಣ್ಣಾರೆ ಕಂಡೆನು. ಆ ಎಡೆಯೆಂದರೆ ಆಸ್ಪತ್ರೆಯ ನವಜಾತ ಶಿಶುಗಳ ತೀವ್ರನಿಗಾ ಘಟಕ.

ಇಳಕಲ್ಲಿನ ನಮ್ಮ ಪರಿಚಯದ ಮನೆಯೊಂದರ ಸೊಸೆ ಏಳೂವರೆ ತಿಂಗಳಿಗೇ ಹೆರಿಗೆಯಾದಳು. ಕೂಸಿನ ತೂಕ ಒಂದೂಕಾಲು ಕಿಲೊ ಮಾತ್ರ. ಅದನ್ನು ಹುನಗುಂದ, ಅಮೀನಗಡಗಳನ್ನು ದಾಟಿ ಬಾಗಲಕೋಟೆಯ ಒಂದು ಆಸ್ಪತ್ರೆಗೆ ಒಯ್ದರು. ಶಸ್ತ್ರಕ್ರಿಯೆಯಾಗಿದ್ದ ಬಾಣಂತಿ ಇಳಕಲ್ಲಿನಲ್ಲಿಯೇ ಉಳಿದಳು. ಆಕೆ ಹಿಂಡಿ ಕೊಟ್ಟ ಹಾಲನ್ನು ಅಜ್ಜಿಯು ಮೂರು ಉಕ್ಕು ಬರುವಂತೆ ಕಾಸಿ, ಉಕ್ಕಿನ ಫ್ಲಾಸ್ಕಿನಲ್ಲಿ ತುಂಬಿಕೊಂಡು ಬಂದರು. ದಾದಿಯು ಅದನ್ನು ಸ್ವೀಕರಿಸಲಿಲ್ಲ. ಅಂದು ಅವರೊಡನೆ ನಾನೂ ಇದ್ದೆನು.

“ಹಸೀ ಹಾಲು ಕೂಸಿಗೆ ಹ್ಯಾಂಗ ಹಾಕೂದ್ರೀ ಶಾಸ್ತ್ರಿಗಳ? ನಾ ಏನು ತಪ್ಪು ಮಾಡೀನಿ?” ಎಂದು ಆ ತಾಯಿ ಕಣ್ಣೀರು ತಂದರು.

ದಾದಿ ಅವರ ಕೈ ಹಿಡಿದು, “ಅಮ್ಮಾ, ಆಕಳ ಹಾಲು ಕಾಸಬೇಕ್ರಿ. ತಾಯಿ ಹಾಲು ಕುದಿಸಬಾರದ್ರಿ. ಕುದಿಸಿದ್ರ ಅದರಾಗಿನ ಶಕ್ತಿ ಹೋಗ್ತೈತ್ರಿ” ಎಂದಳು.

ಆ ಮೇಲೆ ಅಲ್ಲಿಯ ವೈದ್ಯರಿಂದ ತಿಳಿದುಕೊಂಡುದನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಗರ್ಭದಲ್ಲಿ ಸುಮಾರು ೩೪ ವಾರ ತುಂಬುವ ಮೊದಲು ಹುಟ್ಟಿದ ಕೂಸಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವುದು ಕಷ್ಟ. ಆದುದರಿಂದ ಸಣ್ಣ ನಳಿಕೆಯ ಮೂಲಕ ಎರಡು ಮೂರು ತಾಸಿಗೊಮ್ಮೆ ಕೆಲವೇ ಮಿಲಿಲೀಟರಿನಷ್ಟು ಹಾಲನ್ನು ನೇರವಾಗಿ ಹೊಟ್ಟೆಗೆ ಬಿಡುತ್ತಾರೆ. ಆ ಹಾಲು ಆಹಾರವಷ್ಟೇ ಅಲ್ಲ, ಔಷಧವೂ ಹೌದು. ರೋಗಾಣುಗಳನ್ನು ತಡೆಯುವ ದ್ರವ್ಯಗಳೂ, ಕೊಬ್ಬನ್ನು ಅರಗಿಸುವ ದ್ರವ್ಯವೂ ಅದರಲ್ಲಿಯೇ ಇರುತ್ತವೆ. ಇಂಥ ಕೂಸುಗಳ ಕರುಳನ್ನು ಕೊಳೆಯಿಸುವ ಭಯಂಕರ ರೋಗವೊಂದುಂಟು; ತಾಯಿಹಾಲು ಕುಡಿದವುಗಳಲ್ಲಿ ಅದು ಕಡಿಮೆ. ಹಾಲಿನ ಬಿಸಿಯು ೪೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತ ಹೋದಂತೆ ಈ ಗುಣಗಳು ಕುಗ್ಗತೊಡಗುತ್ತವೆ. ಕುದಿಸಿದರಂತೂ ಬಹುಪಾಲು ನಾಶವಾಗುತ್ತವೆ.

ಹಾಗೆಂದು ಫ್ರಿಜ್ಜಿನ ತಣ್ಣನೆಯ ಹಾಲನ್ನು ಹಾಗೆಯೇ ಕೊಡುವುದೂ ಇಲ್ಲ. ತನ್ನ ಮೈಕಾವನ್ನೇ ಕಾಯ್ದುಕೊಳ್ಳಲಾರದ ಕೂಸು ಅದು. ಆದುದರಿಂದ ಮೈಬಿಸಿಯಷ್ಟು, ಎಂದರೆ ೩೭ ಡಿಗ್ರಿಯನ್ನು ಮೀರದಂತೆ, ಹಾಲನ್ನು ಬೆಚ್ಚಗೆ ಮಾಡುತ್ತಾರೆ. ಆ ಹೊತ್ತಿಗೆ ಬೇಕಾದಷ್ಟನ್ನೇ ತೆಗೆದು, ಮುಚ್ಚಳ ಬಿಗಿದ ಸೀಸೆಯನ್ನು ಉಗುರುಬೆಚ್ಚನೆಯ ಶುದ್ಧ ನೀರಿನಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ. ನೀರಿನ ಮಟ್ಟ ಮುಚ್ಚಳಕ್ಕಿಂತ ಕೆಳಗಿರಬೇಕು. ಪ್ರತಿ ಸಲವೂ ಹೊಸ ನೀರು ಬೇಕು. ಹೊರತೆಗೆದ ಸೀಸೆಯನ್ನು ಒರೆಸಿ ಒಣಗಿಸಿಯೇ ಮುಚ್ಚಳ ತೆರೆಯಬೇಕು. ಈ ಕಟ್ಟುನಿಟ್ಟಿಗೆ ಕಾರಣವಿದೆ. ಬೆಚ್ಚಗೆ ನಿಂತ ನೀರು ರೋಗಾಣುಗಳ ತವರು. ಅಂಥ ನೀರು ಹಾಲಿಗೆ ತಗಲಿ ಎಳೆಗೂಸುಗಳಿಗೆ ಸೋಂಕು ಹರಡಿದ ಪ್ರಸಂಗಗಳು ಹೊರದೇಶಗಳ ಆಸ್ಪತ್ರೆಗಳಲ್ಲಿ ನಡೆದಿವೆ. ಆದುದರಿಂದಲೇ ನೀರಿಲ್ಲದೆ ಹಾಲನ್ನು ಬೆಚ್ಚಗಾಗಿಸುವ ಯಂತ್ರಗಳು ಈಗ ಬಳಕೆಗೆ ಬಂದಿವೆ. ಮೈಕ್ರೋವೇವ್ ಒಲೆಯಂತೂ ಸಲ್ಲದು. ಅದರಲ್ಲಿ ಹಾಲು ಒಂದೆಡೆ ತಣ್ಣಗಿದ್ದು ಇನ್ನೊಂದೆಡೆ ಬಾಯಿ ಸುಡುವಷ್ಟು ಕಾದಿರುತ್ತದೆ. ಒಮ್ಮೆ ಬೆಚ್ಚಗೆ ಮಾಡಿ ಉಳಿದ ಹಾಲನ್ನು ಮತ್ತೆ ತಣಿಸಿಟ್ಟು ಕಾಸುವಂತಿಲ್ಲ, ಚೆಲ್ಲಲೇಬೇಕು.

ಇನ್ನು ಮನೆಯವರು ಮಾಡಬೇಕಾದುದೇನು? ಕುದಿಸಬೇಕಾದುದು ಪಾತ್ರೆಯನ್ನು, ಹಾಲನ್ನಲ್ಲ. ಬಾಣಂತಿಯು ಸಾಬೂನಿನಿಂದ ಕೈ ತೊಳೆದು, ಶುದ್ಧವಾದ ಡಬ್ಬಿಯಲ್ಲಿ ಹಾಲು ಹಿಂಡಬೇಕು. ಡಬ್ಬಿಯ ಮೇಲೆ ತಾಯಿಯ ಹೆಸರು, ದಿನಾಂಕ, ವೇಳೆಗಳನ್ನು ಬರೆಯಬೇಕು. ೨೫ ಡಿಗ್ರಿಯ ಕೋಣೆಯಲ್ಲಿ ಹಿಂಡಿದ ಹಾಲು ೪ ತಾಸು ತಡೆದೀತು. ಆದರೆ ನಮ್ಮ ಬಾಗಲಕೋಟೆ, ಬಾದಾಮಿಗಳ ಚೈತ್ರ ವೈಶಾಖದ ಬಿಸಿಲು ೪೦ ಡಿಗ್ರಿಯನ್ನು ಮುಟ್ಟುವಾಗ ಆ ಲೆಕ್ಕವನ್ನು ನಂಬಬಾರದು. ಕೂಡಲೇ ಫ್ರಿಜ್ಜಿನಲ್ಲಿಟ್ಟು, ಒಯ್ಯುವಾಗ ಮಂಜುಗಡ್ಡೆಯ ಚೀಲಗಳ ನಡುವೆ ಮುಚ್ಚಿದ ಡಬ್ಬಿಯಲ್ಲಿ ಒಯ್ಯಬೇಕು. ಎಷ್ಟು ಹೊತ್ತಿನ ಹಾಲು ಆದೀತೆಂಬುದನ್ನು ಘಟಕದವರನ್ನೇ ಕೇಳಬೇಕು. ಮೊದಲ ದಿನಗಳ ಹಳದಿ ಬಣ್ಣದ ಗಿಣ್ಣದ ಹಾಲನ್ನು ಕೆಟ್ಟದ್ದೆಂದು ಚೆಲ್ಲುವ ರೂಢಿಯನ್ನು ಬಿಡಬೇಕು. ನಾಲ್ಕು ಹನಿಯಾದರೂ ಅದು ಅಮೂಲ್ಯ.

ತಾಯಿಗೆ ಹಾಲೇ ಬಾರದಿದ್ದರೆ? ಬೇರೆ ತಾಯಂದಿರು ದಾನವಿತ್ತ ಹಾಲಿನ ಭಾಂಡಾರಗಳು ಅದಕ್ಕಾಗಿಯೇ ಇವೆ. ೧೯೮೯ರಲ್ಲಿ ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು ಇಂಥದನ್ನು ಆರಂಭಿಸಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ೨೦೨೨ರಲ್ಲಿ ‘ಅಮೃತಧಾರೆ’ ತೆರೆಯಿತು. ಅಲ್ಲಿ ಹಾಲನ್ನು ೬೨.೫ ಡಿಗ್ರಿಯಲ್ಲಿ ೩೦ ನಿಮಿಷ ಕಾಯಿಸುತ್ತಾರಲ್ಲವೆ ಎಂದು ಕೇಳಬಹುದು. ನಿಜ, ಪರರ ಹಾಲಾದುದರಿಂದ ರೋಗಾಣುಗಳನ್ನು ಕೊಲ್ಲಲೇಬೇಕು. ಅದರಿಂದ ಕೆಲವು ಗುಣ ಕಳೆದರೂ ಹಲವು ಉಳಿಯುತ್ತವೆ. ಆ ಕೆಲಸ ಅಳತೆ ತಪ್ಪದ ಯಂತ್ರದ್ದು, ನಮ್ಮ ಒಲೆಯದಲ್ಲ. ಹಾಲು ಹೆಚ್ಚಾದ ತಾಯಿಯು ಇನ್ನೊಬ್ಬರ ಕೂಸಿಗೆ ಅದನ್ನು ಕೊಡುವುದಾದರೆ, ಅದಕ್ಕಿಂತ ಮಿಗಿಲಾದ ದಾಸೋಹವುಂಟೆ?

ನಾನು ಚಿಕ್ಕವನಿದ್ದಾಗ ದಿನ ತುಂಬದ ಕೂಸನ್ನು ಹತ್ತಿಯಲ್ಲಿ ಸುತ್ತಿ ಶಿವನ ಮೇಲೆ ಭಾರ ಹಾಕಿ ಕೂಡುತ್ತಿದ್ದರು. ೧೯೦೯ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳ ಹೆಸರಿನ ದೊಡ್ಡ ಆಸ್ಪತ್ರೆಯೇ ಇಂದು ಬಾಗಲಕೋಟೆಯಲ್ಲಿದೆ. ಸರಕಾರದ ಜಿಲ್ಲಾ ಆಸ್ಪತ್ರೆಯೂ ಇದೆ. ಚಿಕಿತ್ಸೆ ಹತ್ತಿರಕ್ಕೆ ಬಂದಿದೆ. ಅದಕ್ಕೆ ತಕ್ಕ ತಿಳಿವಳಿಕೆ ನಮ್ಮ ಅಡುಗೆಮನೆಗಳಿಗೂ ಬರಬೇಕು.

ಆ ಅಜ್ಜಿ ಮರುದಿನದಿಂದ ಹಾಲು ಕಾಸುವುದನ್ನು ಬಿಟ್ಟು, ಡಬ್ಬಿಗಳನ್ನು ಕುದಿಸಿ ಒಣಗಿಸುವ ಕಾಯಕವನ್ನು ವಹಿಸಿಕೊಂಡರು. ವಾರದೊಳಗೆ ಬಾಣಂತಿಯೂ ಬಾಗಲಕೋಟೆಗೆ ಬಂದು, ವೈದ್ಯರ ಮಾತಿನಂತೆ ಕೂಸನ್ನು ಎದೆಗವಚಿಕೊಂಡು ಕುಳಿತಳು. ಒಂದೂವರೆ ತಿಂಗಳ ಬಳಿಕ ಕೂಸು ಇಳಕಲ್ಲಿನ ತೊಟ್ಟಿಲನ್ನು ಸೇರಿತು. ಆ ಅಜ್ಜಿಯ ಪ್ರೀತಿಗೆ ಮೊದಲೂ ಕೊರತೆಯಿರಲಿಲ್ಲ. ಬೇಕಾಗಿದ್ದುದು ಸ್ವಲ್ಪ ಅರಿವು. ಅದು ನಮ್ಮೆಲ್ಲರ ಮನೆಗಳಿಗೂ ಸಮಯಕ್ಕೆ ಮೊದಲೇ ದೊರೆಯಲಿ.